ಬಣ್ಣ ಹಚ್ಚಿದ್ದಾಯಿತು, ತೆಗೆಯುವುದು ಯಾವುದರಿಂದ?

ಮಂಡ್ಯದ ಕಲ್ಯಾಣ ಮಂಟಪವಿರಲಿ, ದಸರಾ ಹೊತ್ತಿನ ಮೈಸೂರಿನ ನೃತ್ಯ ವೇದಿಕೆಯಿರಲಿ, ಮೇಕಪ್ ಹಚ್ಚಿಸಿಕೊಳ್ಳಲು ಗಂಟೆಗಟ್ಟಲೆ ಕೂರುವವರು ತೆಗೆಯಲು ಐದು ನಿಮಿಷವನ್ನೂ ಕೊಡುವುದಿಲ್ಲ. ಸಿಕ್ಕಿದ ಸೋಪಿನಿಂದ ತಿಕ್ಕಿ ಮಲಗುತ್ತಾರೆ. ವಾಟರ್‌ಪ್ರೂಫ್ ಕಾಜಲ್, ಮಸ್ಕರಾಗಳಲ್ಲಿ ಮೇಣ, ಸಿಲಿಕೋನ್ ಇರುವುದರಿಂದ ಸೋಪಿಗೆ ಅವು ಜಗ್ಗುವುದಿಲ್ಲ. ಊರಾಚೆಯ ಬಡಾವಣೆಗಳ ಬೋರ್‌ವೆಲ್ ನೀರು ಗಡುಸಾಗಿದ್ದರಂತೂ ಸೋಪು ನೊರೆ ಬಾರದೆ ಬಿಳಿ ಜಿಡ್ಡಾಗಿ ಮುಖದ ಮೇಲೇ ಕೂರುತ್ತದೆ.

ಮೊದಲು ಮೇಕಪ್ ನೋಡಿ

ಪೌಡರ್, ಕಾಂಪ್ಯಾಕ್ಟ್, ತೆಳು ಫೌಂಡೇಶನ್‌ಗೆ ಮೈಸೆಲ್ಲಾರ್ ವಾಟರ್ (ಕಾಟನ್ ಪ್ಯಾಡ್‌ಗೆ ಹಾಕಿ ಒರೆಸುವ, ನೀರಿನಂಥ ಕ್ಲೆನ್ಸರ್) ಸಾಕು. ಒದ್ದೆ ಸ್ಪಂಜಿನಿಂದ ಹಚ್ಚುವ ಪ್ಯಾನ್‌ಕೇಕೂ ಎರಡು ಮೂರು ಸುತ್ತಿಗೆ ಬಿಡುತ್ತದೆ. ಮದುಮಗಳ ಮೇಕಪ್, ನಾಟಕದ ಗ್ರೀಸ್ ಪೇಂಟ್, ಗಂಟೆಗಟ್ಟಲೆ ನಿಲ್ಲುವ ಲಿಪ್‌ಸ್ಟಿಕ್ ಹಾಗಲ್ಲ. ಎಣ್ಣೆಯಂಶದ್ದನ್ನು ಎಣ್ಣೆಯೇ ಕರಗಿಸಬೇಕು, ಅಂದರೆ ಕ್ಲೆನ್ಸಿಂಗ್ ಆಯಿಲ್ ಅಥವಾ ಕ್ಲೆನ್ಸಿಂಗ್ ಬಾಮ್ (ಮುಲಾಮಿನಂತೆ ಗಟ್ಟಿಯಾಗಿದ್ದು, ತೀಡಿದರೆ ಎಣ್ಣೆಯಾಗುವಂಥದ್ದು).

ಆಮೇಲೆ ಚರ್ಮ

ಸೌಮ್ಯ ಫೇಸ್‌ವಾಶ್‌ನಿಂದ ಮುಖ ತೊಳೆದು ಒರೆಸಿ, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ. ಇಡೀ ಮುಖ ಬಿಗಿದುಕೊಂಡರೆ ಒಣ ಚರ್ಮ. ಎಲ್ಲೆಡೆ ಮಿರುಗಿದರೆ ಎಣ್ಣೆ ಚರ್ಮ. ಹಣೆ, ಮೂಗು ಮಾತ್ರ ಜಿಡ್ಡಾದರೆ ಮಿಶ್ರ. ಉರಿ, ಕೆಂಪು ಕಂಡರೆ ಸೂಕ್ಷ್ಮ.

ಒಣ ಚರ್ಮಕ್ಕೆ ಕ್ಲೆನ್ಸಿಂಗ್ ಮಿಲ್ಕ್ ಅಥವಾ ಬಾಮ್ ಹಿತ. ಸೂಕ್ಷ್ಮ ಚರ್ಮದವರು ಸುವಾಸನೆ ಸೇರಿಸದ್ದನ್ನೇ ಕೇಳಿ. ಲೇಬಲ್‌ನಲ್ಲಿ ‘ಪರ್ಫ್ಯೂಮ್’, ‘ಫ್ರೇಗ್ರೆನ್ಸ್’, ‘ಆಲ್ಕೋಹಾಲ್ ಡೆನಾಟ್’ ಎಂದಿದ್ದರೆ ವಾಪಸ್ ಇಡಿ.

ಎಣ್ಣೆ ಚರ್ಮದವರಿಗೆ ಎಣ್ಣೆ ಅಂದರೇ ಭಯ. ಕ್ಲೆನ್ಸಿಂಗ್ ಆಯಿಲ್‌ನಲ್ಲಿ ನೀರಿನ ಜೊತೆ ಬೆರೆಯುವಂತೆ ಮಾಡುವ ಎಮಲ್ಸಿಫೈಯರ್ ಇರುತ್ತದೆ, ಹಾಗಾಗಿ ಅದು ತೊಳೆದರೆ ಹೋಗುತ್ತದೆ. ಅಡುಗೆಮನೆಯ ಕೊಬ್ಬರಿ ಎಣ್ಣೆಯಲ್ಲಿ ಅದಿಲ್ಲ. ಮೇಕಪ್ಪನ್ನು ಕರಗಿಸುತ್ತದೆ ನಿಜ, ಆದರೆ ಬರೀ ನೀರಿಗೆ ಹೋಗದೆ ಉಳಿದು ರಂಧ್ರ ಮುಚ್ಚುತ್ತದೆ. ಮೊಡವೆ ಏಳುವ ಮುಖಕ್ಕೆ ಅದು ಬೇಡ. ‘ನಾನ್ ಕಾಮೆಡೋಜೆನಿಕ್’ (ರಂಧ್ರ ಮುಚ್ಚುವುದಿಲ್ಲ) ಎಂಬ ಬರಹ ಖಾತರಿಯೇನಲ್ಲ, ಆಯ್ಕೆಗೆ ಒಂದು ಸುಳಿವಷ್ಟೇ. ಮಿಶ್ರ ಚರ್ಮಕ್ಕೆ ಎರಡು ಬಾಟಲಿ ಕೊಳ್ಳಬೇಕಿಲ್ಲ, ಹಗುರ ಕ್ಲೆನ್ಸಿಂಗ್ ಆಯಿಲ್ ಒಂದೇ ಸಾಕು.

ತೆಗೆಯುವ ಕ್ರಮ

ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ತೆಗೆದಿಡಿ. ಶುರು ಕಣ್ಣಿನಿಂದ. ಎಣ್ಣೆ, ನೀರು ಎರಡು ಪದರವಾಗಿ ನಿಂತಿರುವ ಐ ಮೇಕಪ್ ರಿಮೂವರ್ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಕಾಟನ್ ಪ್ಯಾಡ್ ನೆನೆಸಿ, ಮುಚ್ಚಿದ ರೆಪ್ಪೆಯ ಮೇಲೆ 20 ರಿಂದ 30 ಸೆಕೆಂಡ್ ಒತ್ತಿಡಿ. ಆಮೇಲೆ ಕೆಳಮುಖವಾಗಿ ಒರೆಸಿ. ಕಾಯುವ ತಾಳ್ಮೆಯಿಲ್ಲದೆ ಉಜ್ಜಿದರೆ ರೆಪ್ಪೆಗೂದಲು ಉದುರಬಹುದು.

ಉಳಿದ ಮುಖಕ್ಕೆ ಆಯಿಲ್ ಆದರೆ ಎರಡು ಪಂಪ್, ಬಾಮ್ ಆದರೆ ಗೋಲಿಯಷ್ಟು. ಕೈ, ಮುಖ ಎರಡೂ ಒಣಗಿರಬೇಕು. ಒದ್ದೆ ಇದ್ದರೆ ಅದು ಮೇಕಪ್ ಹಿಡಿಯುವ ಮೊದಲೇ ನೀರಿನ ಜೊತೆ ಬೆರೆತು ಹಾಲಾಗಿಬಿಡುತ್ತದೆ. ‘ಈ ಬ್ರಾಂಡ್ ಕೆಲಸ ಮಾಡಲ್ಲ’ ಎಂಬ ದೂರು ಹುಟ್ಟುವುದು ಹೆಚ್ಚಾಗಿ ಇಲ್ಲೇ. ಒಂದು ನಿಮಿಷ ಬೆರಳ ತುದಿಯಿಂದ ಮೆಲ್ಲಗೆ ತೀಡಿ. ಮೂಗಿನ ಪಕ್ಕ, ಕೂದಲಂಚು, ಗಲ್ಲದ ಕೆಳಗೆ ಮರೆಯಬೇಡಿ. ಬಳಿಕ ಕೈಗೆ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಮತ್ತೆ ತೀಡಿ. ಬಿಳಿ ಹಾಲಿನಂತಾದ ಮೇಲೆ ತೊಳೆದು, ಕೊನೆಗೆ ಸೌಮ್ಯ ಫೇಸ್‌ವಾಶ್ ಹಾಕಿ.

ಮೈಸೆಲ್ಲಾರ್ ವಾಟರ್ ಬಳಸುವವರು ‘ತೊಳೆಯಬೇಕಿಲ್ಲ’ ಎಂಬ ಲೇಬಲ್ ನಂಬಿ ಮಲಗಬೇಡಿ. ಕೊಳೆ ಹಿಡಿಯುವ ಮಾರ್ಜಕದ ಅಂಶ ಅದರಲ್ಲೂ ಇದೆ, ರಾತ್ರಿಯಿಡೀ ಉಳಿದರೆ ಕೆಲವರಿಗೆ ತುರಿಕೆ ಬರುತ್ತದೆ. ಪ್ಯಾಡ್ ಬಿಳಿಯಾಗಿ ಬರುವವರೆಗೆ ಬದಲಿಸುತ್ತ ಒರೆಸಿ, ನೀರಿನಲ್ಲಿ ತೊಳೆಯಿರಿ. ವೈಪ್ಸ್ ರಾತ್ರಿ ಬಸ್ಸಿನ ಪ್ರಯಾಣಕ್ಕೆ ಸರಿ, ಮನೆ ಸೇರಿದ ಮೇಲೆ ಮುಖ ತೊಳೆಯಲೇಬೇಕು.

ಹೊಸದನ್ನು ಕೊಂಡರೆ ಮದುವೆಯ ದಿನವೇ ಸೀಲ್ ಒಡೆಯಬೇಡಿ. ದವಡೆಯ ಅಂಚಿಗೆ ಸ್ವಲ್ಪ ಹಚ್ಚಿ, ತೊಳೆದು, ಎರಡು ದಿನ ನೋಡಿ. ಬಾಟಲಿ ಹಿಂದೆ ತೆರೆದ ಡಬ್ಬಿಯ ಚಿತ್ರದಲ್ಲಿ ‘12 ಎಂ’ ಎಂದಿದ್ದರೆ, ತೆರೆದ ಮೇಲೆ 12 ತಿಂಗಳೊಳಗೆ ಮುಗಿಸಬೇಕು. ತೆರೆದ ತಾರೀಕನ್ನು ಬಾಟಲಿ ಮೇಲೇ ಪೆನ್ನಿನಲ್ಲಿ ಬರೆದಿಡಿ.