ಪೆಸಿಫಿಕಾ ಪಿಯರ್‌ನಲ್ಲಿ ಸ್ಟ್ರೈಪರ್: ಗಾಳಕ್ಕಿಂತ ಮೊದಲು ಬಲೆ

ಸಮುದ್ರದೊಳಕ್ಕೆ ಚಾಚಿದ ಕಟ್ಟೆ, ಅಂದರೆ ಪಿಯರ್ ಮೇಲೆ ಹೊಸದಾಗಿ ಗಾಳ ಹಾಕಲು ಬರುವವರು ಕೋಲು, ರೀಲಿಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ, ಬಲೆ ಮಾತ್ರ ತರುವುದಿಲ್ಲ. ಏಳೆಂಟು ಪೌಂಡಿನ ಸ್ಟ್ರೈಪರ್ (ಮೈಮೇಲೆ ಪಟ್ಟೆಗಳಿರುವ ಸ್ಟ್ರೈಪ್ಡ್ ಬಾಸ್ ಮೀನು) ಕಚ್ಚಿಕೊಂಡ ಮೇಲೆ, ಅಷ್ಟು ಕೆಳಗಿನಿಂದ ಇದನ್ನು ಮೇಲೆ ತರುವುದು ಹೇಗಪ್ಪಾ ಎಂದು ಅತ್ತಿತ್ತ ನೋಡುತ್ತಾರೆ. ಮೀನು ನೀರಿನಲ್ಲಿರುವಷ್ಟು ಹೊತ್ತು ಅದರ ತೂಕ ದಾರಕ್ಕೆ ಗೊತ್ತಾಗುವುದಿಲ್ಲ. ನೀರು ಬಿಟ್ಟು ಎದ್ದ ಕೂಡಲೇ ಪೂರ್ತಿ ಭಾರ ಗಾಳ ಚುಚ್ಚಿದ ಆ ಒಂದು ತೂತಿನ ಮೇಲೆ ಬೀಳುತ್ತದೆ. ಒಮ್ಮೆ ಕೊಡವಿದರೆ ತುಟಿ ಹರಿಯಿತು, ಮೀನು ಹೋಯಿತು. ಅದಕ್ಕೇ ನಾನು ಮೊದಲು ಕಟ್ಟುವುದು ಬಲೆಯ ಹಗ್ಗವನ್ನು.

ಪೆಸಿಫಿಕಾ ಊರು ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿದೆ. ಅಲ್ಲಿಯ ಪಿಯರ್ 1973ರಲ್ಲಿ ತೆರೆದದ್ದು. ಸುಮಾರು 1,140 ಅಡಿ ಉದ್ದ, ತುದಿಯಲ್ಲಿ ಮೊಣಕೈಯಂತೆ ಮಡಚಿಕೊಂಡ ಕಾಂಕ್ರೀಟ್ ಕಟ್ಟಡ. ಊರಿನ ಕೊಳಚೆ ನೀರಿನ ಪೈಪನ್ನು ಸಮುದ್ರಕ್ಕೆ ಒಯ್ಯಲು ಕಟ್ಟಿದರು, ಮೀನು ಹಿಡಿಯುವವರಿಗೆ ಅದು ವರವಾಯಿತು. ಚಳಿಗಾಲದ ಅಲೆಗಳ ಹೊಡೆತಕ್ಕೆ ಆಗಾಗ ಪೂರ್ತಿಯೋ ಅರ್ಧವೋ ಮುಚ್ಚಿರುತ್ತದೆ. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಸಾರ್ವಜನಿಕ ಪಿಯರ್ ಮೇಲೆ ಗಾಳ ಹಾಕಲು ಲೈಸೆನ್ಸ್ ಬೇಕಿಲ್ಲ. ಆದರೆ ಅದೇ ಕೋಲು ಹಿಡಿದು ಪಕ್ಕದ ಮರಳಿಗೆ ಇಳಿದಿರೋ, 16 ದಾಟಿದವರಿಗೆ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಇಲ್ಲದಿದ್ದರೂ ಅಳತೆ, ಲೆಕ್ಕದ ನಿಯಮಗಳು ಪಿಯರ್ ಮೇಲೂ ಇವೆ. ಒಬ್ಬರಿಗೆ ಎರಡೇ ಕೋಲು. ಸ್ಟ್ರೈಪರ್‌ಗೆ ಬಹುಕಾಲದಿಂದ ಇರುವ ಮಿತಿ ಕನಿಷ್ಠ 18 ಇಂಚು, ದಿನಕ್ಕೆ ಎರಡು ಮೀನು. ಆದರೂ ಪ್ರತಿ ವರ್ಷದ ನಿಯಮ ಪುಸ್ತಿಕೆ ನೋಡಿಯೇ ಹೋಗುವುದು ಒಳ್ಳೆಯದು.

ಬಲೆಯ ವಿಷಯ. ಮೂರಡಿ ಅಗಲದ ಉಂಗುರ, ಅದಕ್ಕೆ ಆಳವಾದ ಜಾಲರಿ ಚೀಲ, ಮೂರು ಕಡೆಯಿಂದ ಎದ್ದು ಒಂದೇ ಗಂಟಿಗೆ ಸೇರುವ ಹಗ್ಗಗಳು, ಮೇಲಿನಿಂದ 50 ಅಡಿ ಉದ್ದದ ಮುಖ್ಯ ಹಗ್ಗ. ಹಗ್ಗ ಕಿರುಬೆರಳಿನ ದಪ್ಪವಾದರೂ ಇರಲಿ; ತೆಳ್ಳಗಿದ್ದರೆ ಒದ್ದೆ ಕೈಯಲ್ಲಿ ಜಾರುತ್ತದೆ, ಅಂಗೈ ಸುಲಿಯುತ್ತದೆ. ಹಗ್ಗದ ಕೊನೆಯನ್ನು ಕಟಕಟೆಗೆ ಬಿಗಿದ ಮೇಲೆಯೇ ಬಲೆ ಇಳಿಸಿ. ಮರೆತು ಬಲೆಯನ್ನೇ ಸಮುದ್ರಕ್ಕೆ ಕೊಟ್ಟವರು ಬಹಳ ಜನ. ಬರೀ ಉಂಗುರ ಅಲೆಯ ಮೇಲೆ ತೇಲಾಡುತ್ತದೆ. ಹಾಗಾಗದಂತೆ ಅಂಚಿಗೆ ಎದುರುಬದುರಾಗಿ ಎರಡೆರಡು ಔನ್ಸಿನ ಸೀಸ ಕಟ್ಟುತ್ತೇನೆ.

ಮೀನು ಪೂರ್ತಿ ಸುಸ್ತಾಗಿ ಮಗ್ಗುಲಾಗುವವರೆಗೆ ಬಲೆ ನೀರಿಗೆ ಮುಟ್ಟಬಾರದು, ಉಂಗುರ ಕಂಡರೆ ಅದು ಮತ್ತೆ ದೌಡಾಯಿಸುತ್ತದೆ. ಮಗ್ಗುಲಾದ ಮೇಲೆ ಬಲೆಯನ್ನು ನೀರಿನೊಳಗೆ ಮೂರು ಅಡಿ ಮುಳುಗಿಸಿ ಅಲ್ಲಾಡಿಸದೆ ಹಿಡಿಯಬೇಕು. ಮೀನಿನ ಹಿಂದೆ ಬಲೆ ಹೋಗಬಾರದು, ಮೀನೇ ಬಲೆಯ ಮೇಲೆ ಬರಬೇಕು, ಅದೂ ತಲೆ ಮುಂದಾಗಿ. ಬಾಲದ ಕಡೆಯಿಂದ ಎತ್ತಿದರೆ ಒಂದೇ ಜಿಗಿತಕ್ಕೆ ಹೊರಗೆ. ಅಲೆ ಉಬ್ಬಿ ಬರುವಾಗ ಎತ್ತಲು ಶುರು ಮಾಡಿದರೆ ಅಲೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಬಲೆ ಏಳುತ್ತಿದ್ದಂತೆ ಕೋಲು ಹಿಡಿದವರು ದಾರ ಸಡಿಲ ಬಿಡಬೇಕು. ಇಬ್ಬರೂ ಒಟ್ಟಿಗೆ ಎಳೆದರೆ ಮೀನು ಉಂಗುರಕ್ಕೆ ಬಡಿದು ಗಾಳ ಕಳಚುತ್ತದೆ.

ಅಂದರೆ ಇದು ಒಬ್ಬರ ಕೆಲಸವಲ್ಲ. 'ನೆಟ್!' ಎಂದು ಯಾರಾದರೂ ಕೂಗಿದರೆ ಪಕ್ಕದವರು ತಮ್ಮ ದಾರ ಸುತ್ತಿಕೊಳ್ಳುತ್ತಾರೆ, ಬಲೆ ಇದ್ದವರು ಓಡಿ ಬರುತ್ತಾರೆ. ಟಗಾಲೋಗ್, ಕ್ಯಾಂಟನೀಸ್, ಸ್ಪ್ಯಾನಿಷ್ ಏನೇ ಆಡುವ ಮಂದಿಯಾಗಲಿ, ಈ ಒಂದು ಪದ ಎಲ್ಲರಿಗೂ ಗೊತ್ತು. ಮೀನು ಕಂಬಗಳ ಕಡೆ ಓಡಿದರೆ ಕೋಲು ಹಿಡಿದು ಅದರ ಜೊತೆ ನಡೆಯಬೇಕಾಗುತ್ತದೆ. ಆಗ ಇತರರು ಬಗ್ಗಿ ದಾರಿ ಬಿಡುತ್ತಾರೆ, ನೀವು ಅವರ ಕೋಲಿನ ಮೇಲಿಂದಲೋ ಕೆಳಗಿಂದಲೋ ನಿಮ್ಮದನ್ನು ದಾಟಿಸುತ್ತೀರಿ. ಬಂದ ಕೂಡಲೇ ಎಡಬಲದವರಿಗೆ ಒಂದು ನಮಸ್ಕಾರ ಹೇಳಿ 'ನನ್ನ ಹತ್ತಿರ ಬಲೆ ಇದೆ' ಎಂದು ತೋರಿಸಿಬಿಡಿ. ಸಂಜೆಯವರೆಗೆ ನಿಮ್ಮನ್ನು ಯಾರೂ ದೂರುವುದಿಲ್ಲ. ಜನ ಒತ್ತೊತ್ತಾಗಿ ನಿಂತಾಗ ತಲೆಯ ಮೇಲಿಂದ ಬೀಸಿ ಎಸೆಯಬೇಡಿ. ಆರು ಔನ್ಸಿನ ಸೀಸ ಹಿಂದೆ ನಿಂತವರ ತಲೆ ಒಡೆಯಬಲ್ಲದು. ಕಟಕಟೆಯ ಹೊರಗೆ ಜೋಕಾಲಿಯಂತೆ ತೂಗಿ, ಕೆಳಗಿನಿಂದ ಬಿಡಿ.

ಜಗಳ ಏಳುವುದು ಮೀನಿಗಲ್ಲ, ಸೀಸಕ್ಕೆ. ಎರಡು ಔನ್ಸಿನ ದುಂಡು ಸೀಸ ಈ ಅಲೆಯಲ್ಲಿ ನಿಲ್ಲುವುದಿಲ್ಲ, ಉರುಳುತ್ತಾ ಹೋಗಿ ಹತ್ತು ಜನರ ದಾರವನ್ನು ಜಡೆ ಹೆಣೆದಿಡುತ್ತದೆ. ಪಿರಮಿಡ್ ಆಕಾರದ್ದು ಮರಳಿನಲ್ಲಿ ಹೂತು ನಿಲ್ಲುತ್ತದೆ. ಸಮುದ್ರ ಶಾಂತವಿದ್ದರೆ ನಾಲ್ಕು, ಒರಟಾಗಿದ್ದರೆ ಆರು ಔನ್ಸ್.

ತಳಕ್ಕೆ ಬಿಡುವ ನನ್ನ ಕಟ್ಟು ಸರಳ. 20 ಪೌಂಡ್ ಭಾರ ತಡೆಯುವ ತಂಗೂಸಿ, ಅದರಲ್ಲಿ ಸಲೀಸಾಗಿ ಜಾರುವ ಕೊಂಡಿಗೆ ಸೀಸ, ಕೆಳಗೊಂದು ಸ್ವಿವೆಲ್ (ದಾರ ಮುರುಟದಂತೆ ತಿರುಗುವ ಕೊಂಡಿ), ಅಲ್ಲಿಂದ ಎರಡಡಿ ಲೀಡರ್ (ಗಾಳ ಕಟ್ಟುವ ತುಂಡು ದಾರ), ತುದಿಗೆ 3/0 ಅಳತೆಯ ಗಾಳ. ಎರೆಗೆ ಆಂಚೋವಿ, ಮಂಗಳೂರಿನವರ ಕೊಲ್ಲತರುವಿನ ಬಂಧು. ಹಿಮದಲ್ಲಿಟ್ಟದ್ದು ಕರಗಿದರೆ ಮೆತ್ತಗಾಗಿ ಎಸೆದಾಗಲೇ ಹಾರಿಹೋಗುತ್ತದೆ. ಅರ್ಧ ಗಟ್ಟಿಯಿರುವಾಗಲೇ ಚುಚ್ಚಿ, ತೆಳು ಎಲಾಸ್ಟಿಕ್ ದಾರದಿಂದ ನಾಲ್ಕು ಸುತ್ತು ಬಿಗಿಯಿರಿ.

ಇಡೀ ಆಂಚೋವಿಯನ್ನು ಹಾಳಾಗದಂತೆ ದೂರ ಕಳಿಸಲು ಟ್ರಾಲಿ ಎಂಬ ಉಪಾಯವಿದೆ. ಮೊದಲು ತಂತಿಕಾಲಿನ ಸೀಸವನ್ನು ಮಾತ್ರ ಎಸೆದು ಮರಳಿಗೆ ಕಚ್ಚಿಸಿ, ದಾರ ಬಿಗಿ ಮಾಡಬೇಕು. ಆಮೇಲೆ ದೊಡ್ಡ ಬೆಂಡು, ಅದರ ಕೆಳಗೆ ಐದಾರು ಅಡಿ ಲೀಡರ್, ಆಂಚೋವಿ, ಇಷ್ಟನ್ನೂ ಒಂದು ಕೊಂಡಿಯಿಂದ ಅದೇ ದಾರಕ್ಕೆ ನೇತುಹಾಕಿ ಕೆಳಗೆ ಜಾರಿಸುವುದು. ಬೆಂಡು ನೀರು ಮುಟ್ಟಿ ನಿಲ್ಲುತ್ತದೆ, ಎರೆ ಕೆಳಗೆ ತೂಗುತ್ತದೆ. ಮೀನು ಎಳೆದಾಗ ಕೊಂಡಿ ಸೀಸದ ಮೇಲಿನ ಸ್ವಿವೆಲ್‌ವರೆಗೆ ಜಾರಿ ತಡೆಯುತ್ತದೆ, ಬೆಂಡು ಮಾಯವಾಗುತ್ತದೆ. ದಾರ ಸಡಿಲವಿದ್ದರೆ ಟ್ರಾಲಿ ಅರ್ಧ ದಾರಿಯಲ್ಲೇ ನಿಂತು ಗಾಳಿಗೆ ಒಣಗುತ್ತದೆ.

ಎಲ್ಲಿ ನಿಲ್ಲಬೇಕು? ಹೊಸಬರು ನೇರ ತುದಿಗೆ ಹೋಗುತ್ತಾರೆ. ಸ್ಟ್ರೈಪರ್ ಹೆಚ್ಚಾಗಿ ಬೇಟೆಯಾಡುವುದು ದಡದ ಹತ್ತಿರ, ಅಲೆ ಮುರಿದು ನೊರೆಯೇಳುವಲ್ಲಿ. ಅಲ್ಲಿ ಸಣ್ಣ ಮೀನು ದಿಕ್ಕುತಪ್ಪಿರುತ್ತದೆ. ಸ್ಟ್ರೈಪರ್‌ಗಳು ವಸಂತದಲ್ಲಿ ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳಲ್ಲಿ ಮೊಟ್ಟೆಯಿಟ್ಟು, ಬೇಸಿಗೆಗೆ ಇತ್ತ ಬರುತ್ತವೆ. ಉಬ್ಬರದ ಕೊನೆಯ ಎರಡು ಗಂಟೆ ನಸುಕಿಗೋ ಮುಸ್ಸಂಜೆಗೋ ಹೊಂದಿಕೊಂಡರೆ ಮನೆಯಲ್ಲಿ ಕೂರಬೇಡಿ. ಹಕ್ಕಿಗಳು ನೀರಿಗೆ ಧುಮುಕುತ್ತಿದ್ದರೆ ಎರೆ ಬಿಟ್ಟು ಎರಡು ಔನ್ಸಿನ, ಚಮಚದಾಕಾರದ ಹೊಳೆಯುವ ಲೋಹದ ಹುಸಿ ಎರೆ ಎಸೆಯಿರಿ. ಜುಲೈ ಎಂದು ಅಂಗಿಯೊಂದರಲ್ಲೇ ಬಂದರೆ ಮಂಜಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ.

ಈ ಮೀನು ಇಲ್ಲಿಯದೇ ಅಲ್ಲ. 1879ರಲ್ಲಿ ನ್ಯೂಜೆರ್ಸಿಯಿಂದ ರೈಲಿನಲ್ಲಿ ತಂದು ಮಾರ್ಟಿನೆಜ್ ಹತ್ತಿರ ಬಿಟ್ಟದ್ದು ಬರೀ 132 ಮರಿ. ಹತ್ತು ವರ್ಷದೊಳಗೆ ಸ್ಯಾನ್ ಫ್ರಾನ್ಸಿಸ್ಕೋ ಮಾರುಕಟ್ಟೆಯಲ್ಲಿ ಮಾರಾಟಕ್ಕಿತ್ತು. 1935ರಲ್ಲಿ ವ್ಯಾಪಾರದ ಮೀನುಗಾರಿಕೆ ನಿಂತಿತು. ಹಿಡಿದ ಸ್ಟ್ರೈಪರ್ ಮಾರುವಂತಿಲ್ಲ.

ಅಳೆಯುವಾಗ ಬಾಯಿ ಮುಚ್ಚಿಸಿ, ಮೂತಿಯಿಂದ ಬಾಲದ ಉದ್ದದ ತುದಿಯವರೆಗೆ. ಕಿವಿರಿನ ಮುಚ್ಚಳದ ಅಂಚು ಹರಿತ, ಬೆನ್ನಿನ ಮುಳ್ಳು ಇನ್ನೂ ಹರಿತ, ಒದ್ದೆ ಬಟ್ಟೆಯಿಂದ ಹಿಡಿಯಿರಿ. ಹದಿನೇಳೂವರೆ ಇಂಚಿದ್ದರೆ ಮರಳಿ ನೀರಿಗೆ, ಆದರೆ ಮೇಲಿನಿಂದ ಎಸೆದು ಅಲ್ಲ, ಅಷ್ಟೆತ್ತರದ ಪೆಟ್ಟಿಗೆ ಮೀನು ಉಳಿಯುವುದು ಕಷ್ಟ. ಅದೇ ಬಲೆಯಲ್ಲಿ ಮಲಗಿಸಿ, ನೀರು ಮುಟ್ಟುವವರೆಗೆ ಇಳಿಸಿ, ಉಂಗುರ ವಾಲಿಸಿ.

ಇಟ್ಟುಕೊಳ್ಳುವುದಾದರೆ ಕೂಡಲೇ ಕಿವಿರು ಕತ್ತರಿಸಿ, ಬಕೆಟ್ ನೀರಿನಲ್ಲಿ ರಕ್ತ ಇಳಿಸಿ ಐಸಿಗೆ ಹಾಕಿ. ಮನೆಯಲ್ಲಿ ಚರ್ಮ ಸುಲಿದ ಮೇಲೆ ಪಕ್ಕೆಯುದ್ದಕ್ಕೂ ಕಡುಗೆಂಪು ಮಾಂಸದ ಪಟ್ಟಿ ಕಾಣುತ್ತದೆ. ಅದನ್ನು ಕೆತ್ತಿ ತೆಗೆಯಿರಿ, ನಾತವೆಲ್ಲ ಅಲ್ಲೇ ಇರುವುದು. ಉಳಿದ ಬಿಳಿ ಮಾಂಸ ಗಟ್ಟಿ, ಬ್ಯಾಡಗಿ ಖಾರ ಹಚ್ಚಿ ರವೆಯಲ್ಲಿ ಹೊರಳಿಸಿದರೆ ತವದ ಮೇಲೆ ಒಡೆಯುವುದಿಲ್ಲ. ಪಾದರಸ ಹೆಚ್ಚಿರುವುದರಿಂದ ಹೆರುವ ವಯಸ್ಸಿನ ಹೆಂಗಸರು ಮತ್ತು ಮಕ್ಕಳು ಸ್ಟ್ರೈಪರ್ ತಿನ್ನಬಾರದೆಂದು ರಾಜ್ಯದ ಆರೋಗ್ಯ ಸಲಹೆಯಿದೆ. ನಮ್ಮ ಮನೆಯಲ್ಲಿ ಮಕ್ಕಳ ತಟ್ಟೆಗೆ ಅಂಗಡಿಯ ಮೀನೇ.