ಇಂಗ್ಲಿಷ್‌ನಲ್ಲಿ ‘ಒಲ್ಲೆ’ ಅನ್ನುವುದು ಹೇಗೆ?

ನಮ್ಮ ದಾವಣಗೆರೆಯಲ್ಲಿ ಯಾರದೋ ಮನೆಗೆ ಊಟಕ್ಕೆ ಹೋದರೆ ಮೊದಲ ‘ಬೇಡ’ ಲೆಕ್ಕಕ್ಕೇ ಇಲ್ಲ. ಅದು ಸುಮ್ನೆ ಉಪಚಾರದ ಮಾತು. ಎರಡನೇ ಸಲ ಅಂದರೂ ಹೋಳಿಗೆ ಬೀಳುತ್ತದೆ, ಮೂರನೇ ಸಲ ಎಲೆಗೆ ಕೈ ಅಡ್ಡ ಹಿಡಿದರೆ ಮಾತ್ರ ಅದು ನಿಜವಾದ ಬೇಡ. ಇಂಗ್ಲಿಷ್‌ನವರಿಗೆ ಒಂದು ‘ನೋ, ಥ್ಯಾಂಕ್ಸ್’ ಸಾಕು, ಮತ್ತೆ ಕೇಳುವುದು ಕಡಿಮೆ. ಹಾಗಾಗಿ ಹುಷಾರಾಗಿ ಹೇಳಬೇಕು.

ಮೊದಲು, ಕೇಳುತ್ತಿರುವವರು ಯಾರು ನೋಡಿಕೊಳ್ಳಿ. ಮೇಲಧಿಕಾರಿ ಆದರೆ ‘ಐ ಆಮ್ ಅಫ್ರೇಡ್ ಐ ಕಾಂಟ್’ ಅನ್ನಿ. ಅಫ್ರೇಡ್ ಅಂತ ಇದೆ ಅಂದ್ಕೊಂಡು ಹೆದರಬೇಡಿ, ಇಲ್ಲಿ ಅದು ‘ಕ್ಷಮಿಸಿ, ಆಗಲ್ಲ’ ಅಷ್ಟೇ.

ಆಮೇಲೆ, ಇವತ್ತು ಮಾತ್ರ ಬೇಡವೋ, ಯಾವತ್ತೂ ಬೇಡವೋ ತೀರ್ಮಾನಿಸಿ. ಗೆಳೆಯ ಬೆಣ್ಣೆ ದೋಸೆಗೆ ಕರೆದ, ಹೊಟ್ಟೆ ಸರಿ ಇಲ್ಲ ಅಂದ್ಕೊಳ್ಳಿ. ‘ಐ ವಿಲ್ ಟೇಕ್ ಎ ರೇನ್ ಚೆಕ್’ ಅನ್ನಬಹುದು. ಇದು ಅಮೆರಿಕದ ಬೇಸ್‌ಬಾಲ್ ಮೈದಾನದಿಂದ ಬಂದ ಮಾತು. 19ನೇ ಶತಮಾನದಲ್ಲಿ ಮಳೆ ಬಂದು ಆಟ ನಿಂತರೆ ಇನ್ನೊಂದು ದಿನ ಬಂದು ನೋಡಲು ಒಂದು ಚೀಟಿ ಕೊಡುತ್ತಿದ್ದರು, ಆ ಚೀಟಿಯೇ ರೇನ್ ಚೆಕ್. ಅಂದರೆ ಇದು ಪೂರ್ತಿ ನಿರಾಕರಣೆ ಅಲ್ಲ, ಸಾಲ ಉಳಿಸಿಕೊಂಡ ಹಾಗೆ. ಹೋಗುವ ಮನಸ್ಸೇ ಇಲ್ಲದಿದ್ದರೆ ಹೇಳಬೇಡಿ, ಮುಂದಿನ ವಾರ ಮತ್ತೆ ಕರೀತಾನೆ! ಆಗ ‘ಐ ವಿಲ್ ಪಾಸ್’ ವಾಸಿ. ಇದು ಪರೀಕ್ಷೆಯ ಪಾಸ್ ಅಲ್ಲ, ಇಸ್ಪೀಟಿನ ಪಾಸ್, ಅಂದರೆ ‘ಈ ಸಲ ನನಗೆ ಬೇಡ’ ಅಂತ ಬಿಟ್ಟುಬಿಡುವುದು. ಆಡುವವರಿಗೆ ಗೊತ್ತೇ ಇರುತ್ತದೆ, ಅಲ್ವಾ?

ಖಾರದವು ಕೊನೆಗಿರಲಿ. ‘ನೋ ವೇ’, ಅಂದರೆ ‘ಸಾಧ್ಯವೇ ಇಲ್ಲ’, ಗೆಳೆಯರ ನಡುವೆ ನಡೆಯುತ್ತದೆ. ‘ವೆನ್ ಪಿಗ್ಸ್ ಫ್ಲೈ’ ಅಂದರೆ ಹಂದಿ ಹಾರಿದಾಗ, ನಮ್ಮಲ್ಲಿ ಕತ್ತೆಗೆ ಕೋಡು ಮೂಡಿದಾಗ ಅಂತೀವಲ್ಲ, ಹಾಗೆ. ‘ಓವರ್ ಮೈ ಡೆಡ್ ಬಾಡಿ’ಯಂತೂ ‘ನನ್ನ ಹೆಣ ಬಿದ್ದ ಮೇಲೆ’ ಅನ್ನುವಷ್ಟು ಜೋರು. ಆಫೀಸಿನ ಮೇಲ್‌ನಲ್ಲಿ ಬರೆದೀರಿ ಜೋಕೆ.

ಇನ್ನೊಂದು ಮಾತು. ನಮ್ಮ ‘ನೋಡೋಣ’ವನ್ನು ‘ವಿ ವಿಲ್ ಸೀ’ ಅಂತ ಮಾಡಬೇಡಿ. ನಾವು ‘ನೋಡೋಣ ಬಿಡಿ’ ಅಂದರೆ ಆಗಲ್ಲ ಅಂತಲೇ ಅರ್ಥ, ಇಂಗ್ಲಿಷ್‌ನವರು ಆಗಬಹುದು ಅಂದ್ಕೊಂಡು ನಿಜವಾಗಲೂ ಕಾಯಬಹುದು. ವಿದೇಶದ ಗ್ರಾಹಕರೊಬ್ಬರು ಶನಿವಾರ ಕೆಲಸ ಮಾಡ್ತೀರಾ ಅಂದಾಗ ನಾನು ಹೀಗೇ ಬರೆದಿದ್ದೆ. ಶುಕ್ರವಾರ ರಾತ್ರಿ ಫೈಲ್ ಬಂತು. ಮಾರನೇ ಬೆಳಗ್ಗೆ ಎಲ್ಲರೂ ಕುಂದುವಾಡ ಕೆರೆಗೆ ವಾಕಿಂಗ್ ಹೋದರು, ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ.