ಹುಳಿ ಕೊನೆಗೆ ಹಾಕಿ: ಮನೆಮಂದಿಗೆಲ್ಲ ಬಟಾಣಿ ಬೇಳೆ ಸೂಪ್

ಬಟಾಣಿ ಬೇಳೆ ಬೇಯಲಿಲ್ಲ ಅಂತ ಬೇಳೆಯನ್ನೇ ಬೈಯುವವರು ಬಹಳ. ತಪ್ಪು ಎಷ್ಟೋ ಸಲ ನೀರಿನದು, ಇಲ್ಲವೇ ಟೊಮೆಟೊದು.

ನನಗೆ ಇದು ಗೊತ್ತಾಗಿದ್ದು ದಾವಣಗೆರೆಗೆ ಬಂದ ಹೊಸತರಲ್ಲಿ. ಬೋರ್ ನೀರು ಹಾಕಿ, ಬೇಳೆಯ ಜೊತೆಗೇ ಎರಡು ಟೊಮೆಟೊ ಹೆಚ್ಚಿ ಹಾಕಿ ಕುಕ್ಕರ್ ಕೂಗಿಸಿದ್ದೆ. ಎಂಟು ಕೂಗು ಕೂಗಿದರೂ ಬೇಳೆ ಹಾಗೇ ಇತ್ತು. ಅತ್ತೆ ಒಂದು ಬೇಳೆ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರು. ಹೊರಗೆ ಮೆತ್ತಗಿತ್ತು, ಒಳಗೆ ಸಣ್ಣ ಬಿಳಿ ಚುಕ್ಕೆ. ‘ನೋಡವ್ವಾ, ನಡುವೆ ಇನ್ನೂ ಹಸಿ ಐತೆ. ಹುಳಿ ಮೊದಲೇ ಬಿದ್ರೆ ಬೇಳೆ ಬೇಯಂಗಿಲ್ಲ’ ಅಂದರು. ಅವತ್ತಿನಿಂದ ಈ ಸೂಪಿನಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡ ನಿಯಮ ಒಂದೇ: ಬೇಳೆ ಪೂರ್ತಿ ಅರಳುವ ತನಕ ಹುಳಿ ಹತ್ತಿರ ಸುಳಿಯಬಾರದು.

ಕಾರಣ ಸರಳ. ಕಾಳಿನ ಕಣಗಳನ್ನು ಹಿಡಿದಿಟ್ಟಿರುವ ಅಂಟು ಕರಗಿದರೆ ಬೇಳೆ ಮೆತ್ತಗಾಗುತ್ತೆ. ಹುಳಿ ಆ ಅಂಟನ್ನು ಕರಗಲು ಬಿಡುವುದಿಲ್ಲ. ಗಡಸು ನೀರಿನಲ್ಲಿರುವ ಸುಣ್ಣದ ಅಂಶವೂ ಅದನ್ನು ಬಿಗಿ ಮಾಡುತ್ತೆ. ನಮ್ಮ ಕಡೆ, ಚಿತ್ರದುರ್ಗದ ಕಡೆ ಎಷ್ಟೋ ಬೋರ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ವಾ? ಅಂಥ ನೀರು ಈ ಸೂಪಿಗೆ ಬೇಡ. ಆರ್‌ಒ ಫಿಲ್ಟರ್ ನೀರು ಅಥವಾ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಹಾಕಿ. ಬೇಳೆ ನೆನೆಸುವುದಕ್ಕೂ ಅದೇ ನೀರು. ಕೆಲವರು ಬೇಗ ಬೇಯಲಿ ಅಂತ ಸೋಡಾಪುಡಿ ಹಾಕುತ್ತಾರೆ. ಬೇಳೆ ಬೇಯುತ್ತೆ ನಿಜ, ಆದರೆ ರುಚಿ ಕೆಡುತ್ತೆ, ಬಿ1 ಜೀವಸತ್ವವೂ ಹಾಳಾಗುತ್ತೆ. ನಾನು ಹಾಕುವುದಿಲ್ಲ.

ಏನೇನು ಬೇಕು

ನಾಲ್ಕೈದು ಜನಕ್ಕೆ ಒಂದೂವರೆ ಕಪ್, ಅಂದರೆ ಸುಮಾರು 300 ಗ್ರಾಂ ಬಟಾಣಿ ಬೇಳೆ. ಹಳದಿಯದ್ದಾದರೂ ಸರಿ, ಹಸಿರಾದರೂ ಸರಿ. ಹಸಿರು ಬೇಳೆಗೆ ಸ್ವಲ್ಪ ಸಿಹಿ ಜಾಸ್ತಿ, ಮಕ್ಕಳಿಗೆ ಅದೇ ಇಷ್ಟ. ಕಿರಾಣಿ ಅಂಗಡಿಯಲ್ಲಿ ಹಳದಿ ಬೇಳೆ ಕೊಳ್ಳುವಾಗ ಕಡಲೆ ಬೇಳೆ ತಂದು ಮೋಸ ಹೋಗಬೇಡಿ. ಬಟಾಣಿ ಬೇಳೆಯ ಮೈ ನುಣುಪು, ಬಣ್ಣ ಸ್ವಲ್ಪ ತಿಳಿ. ಕಡಲೆ ಬೇಳೆಯ ಮೈಯಲ್ಲಿ ಸಣ್ಣ ಸುಕ್ಕು ಇರುತ್ತೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಬೇಳೆ ತರಬೇಡಿ, ಅದು ಎಷ್ಟು ಬೇಯಿಸಿದರೂ ಗಟ್ಟಿಯೇ.

ಇದರ ಜೊತೆ ಮೂರು ಈರುಳ್ಳಿ, ಒಂದು ಆಲೂಗಡ್ಡೆ, ಎರಡು ಕ್ಯಾರೆಟ್, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ಒಂದು ಪಲಾವ್ ಎಲೆ, ಒಂದು ಚಮಚ ಜೀರಿಗೆ, ಆಗಷ್ಟೇ ಕುಟ್ಟಿದ ಕಾಳುಮೆಣಸು ಒಂದು ಚಮಚ, ಅರ್ಧ ನಿಂಬೆಹಣ್ಣು, ಉಪ್ಪು. ಬೆಣ್ಣೆ ಎರಡು ದೊಡ್ಡ ಚಮಚ. ಬೆಣ್ಣೆ ದೋಸೆಯ ಊರಿನವರಿಗೆ ಬೆಣ್ಣೆ ಯಾಕೆ ಅಂತ ಹೇಳಬೇಕಿಲ್ಲ.

ಬೇಯಿಸುವುದು

ಬೇಳೆ ಆರಿಸಿ, ನೀರು ತಿಳಿಯಾಗುವ ತನಕ ಮೂರ್ನಾಲ್ಕು ಸಲ ತೊಳೆಯಿರಿ. ಸಿಪ್ಪೆ ತೆಗೆದು ಒಡೆದ ಬೇಳೆಯಾದ್ದರಿಂದ ನೆನೆಸಲೇಬೇಕು ಅಂತಿಲ್ಲ. ಒಂದು ಗಂಟೆ ನೆನೆಸಿದರೆ ಗ್ಯಾಸ್ ಉಳಿಯುತ್ತೆ, ಅಷ್ಟೇ.

ಐದು ಲೀಟರ್ ಕುಕ್ಕರಿಗೆ ಬೇಳೆ, ಹೆಚ್ಚಿದ ಆಲೂಗಡ್ಡೆ, ಪಲಾವ್ ಎಲೆ, ಆರು ಕಪ್ ನೀರು ಹಾಕಿ. ಒಂದು ಚಮಚ ಎಣ್ಣೆಯನ್ನೂ ಬಿಡಿ. ಇದನ್ನು ಮರೆಯಬೇಡಿ. ಬಟಾಣಿ ಬೇಳೆ ಕುದಿಯುವಾಗ ನೊರೆ ಬಹಳ ಉಕ್ಕುತ್ತೆ, ಆ ನೊರೆ ಮುಚ್ಚಳದ ತೂತಿಗೆ ಸಿಕ್ಕಿಕೊಂಡರೆ ಅಪಾಯ. ಎಣ್ಣೆ ನೊರೆಯನ್ನು ತಗ್ಗಿಸುತ್ತೆ. ಮುಚ್ಚಳ ಹಾಕುವ ಮೊದಲು ಒಂದು ಕುದಿ ಬರಿಸಿ, ಮೇಲೆ ಬಂದ ನೊರೆಯನ್ನು ಸೌಟಿನಿಂದ ತೆಗೆದುಬಿಡಿ. ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು.

ಐದು ಕೂಗು ಕೂಗಿಸಿ, ಉರಿ ಸಣ್ಣ ಮಾಡಿ ಐದು ನಿಮಿಷ ಬಿಟ್ಟು ಇಳಿಸಿ. ಆವಿ ತಾನಾಗಿಯೇ ಇಳಿಯಲಿ. ಕುಕ್ಕರ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಕು. ನಡುನಡುವೆ ಕೈಯಾಡಿಸಿ, ಇಲ್ಲದಿದ್ದರೆ ತಳ ಹಿಡಿಯುತ್ತೆ.

ಸುಟ್ಟ ಈರುಳ್ಳಿ

ಈ ಸೂಪು ಚಳಿ ದೇಶಗಳ ಅಡುಗೆ. ಸ್ವೀಡನ್ನಿನಲ್ಲಿ ಇವತ್ತಿಗೂ ಗುರುವಾರ ಬಟಾಣಿ ಸೂಪು ಕುಡಿದು, ಆಮೇಲೆ ತೆಳ್ಳನೆಯ ಸಿಹಿ ದೋಸೆ ತಿನ್ನುವ ರೂಢಿ ಇದೆ. ಅಲ್ಲಿ ಹಂದಿ ಮಾಂಸ ಹಾಕುತ್ತಾರೆ. ಎಷ್ಟೋ ದೇಶಗಳಲ್ಲಿ ಹೊಗೆಯಾಡಿಸಿದ ಮಾಂಸವೇ ಬೀಳುತ್ತೆ, ಆ ಹೊಗೆಯ ವಾಸನೆಯೇ ಸೂಪಿನ ಜೀವ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಆ ವಾಸನೆ ಬೇಕೆಂದರೆ ಈರುಳ್ಳಿ ಸುಡಬೇಕು.

ಒಂದು ಈರುಳ್ಳಿಯನ್ನು ಸಿಪ್ಪೆ ಸಮೇತ ಗ್ಯಾಸಿನ ಉರಿಯ ಮೇಲೆ ಜಾಲರಿ ಇಟ್ಟು ಸುಡಿ. ಬದನೆಕಾಯಿ ಸುಡುತ್ತೇವಲ್ಲ, ಹಾಗೇ. ಸಿಪ್ಪೆ ಕಪ್ಪಾಗಿ ಚಟಪಟ ಅನ್ನುತ್ತೆ, ಬುಡದಿಂದ ರಸ ಒಸರುತ್ತೆ. ಇಕ್ಕಳದಿಂದ ತಿರುಗಿಸುತ್ತಾ ಹತ್ತು ನಿಮಿಷ ಬಿಡಿ. ಆರಿದ ಮೇಲೆ ಮೇಲಿನ ಕಪ್ಪು ಸುಲಿದರೆ ಒಳಗೆ ಕಂದು ಬಣ್ಣದ ಮೆತ್ತನೆ ಎಸಳು, ಸಿಹಿ ಮತ್ತು ಹೊಗೆ ಎರಡೂ ಸೇರಿದ ಘಮ. ಇದನ್ನು ಜಜ್ಜಿ ಇಟ್ಟುಕೊಳ್ಳಿ. ಅಲ್ಲಲ್ಲಿ ಒಂದಿಷ್ಟು ಕರಿ ಉಳಿದರೆ ಇರಲಿ.

ಕೂಡಿಸುವುದು

ಕುಕ್ಕರ್ ತೆಗೆದು ಬೇಳೆಯನ್ನು ಬೆರಳಲ್ಲಿ ಒತ್ತಿ ನೋಡಿ. ಬಿಳಿ ಚುಕ್ಕೆ ಇಲ್ಲದಿದ್ದರೆ ಎಲೆ ತೆಗೆದು, ಕಡಗೋಲಿನಿಂದ ಕಡೆಯಿರಿ. ಮಿಕ್ಸಿಗೆ ಹಾಕಬೇಡಿ, ಪೇಸ್ಟಿನಂತೆ ಅಂಟಂಟಾಗುತ್ತೆ. ಅಲ್ಲೊಂದು ಇಲ್ಲೊಂದು ಬೇಳೆ ನಾಲಿಗೆಗೆ ಸಿಗಬೇಕು.

ಬಾಣಲೆಯಲ್ಲಿ ಬೆಣ್ಣೆ ಕಾಯಿಸಿ ಜೀರಿಗೆ ಸಿಡಿಸಿ. ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಉಳಿದ ಎರಡು ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ, ಕೆಂಪಗಾದ ಮೇಲೆ ಕ್ಯಾರೆಟ್ ಹಾಕಿ ಎರಡು ನಿಮಿಷ ಬಾಡಿಸಿ. ಇದನ್ನೂ ಸುಟ್ಟ ಈರುಳ್ಳಿಯನ್ನೂ ಬೇಳೆಗೆ ಸೇರಿಸಿ, ಉಪ್ಪು ಹಾಕಿ, ಕ್ಯಾರೆಟ್ ಬೇಯುವ ತನಕ ಕುದಿಸಿ. ಕಾಳುಮೆಣಸು ಹಾಕಿ ಒಲೆ ಆರಿಸಿ. ಈಗ ನಿಂಬೆರಸ ಹಿಂಡಿ.

ಸೌಟಿನಿಂದ ಬಿಟ್ಟರೆ ಧಾರೆಯಾಗಿ ಬೀಳಬೇಕು, ಮುದ್ದೆಯಾಗಿ ಅಲ್ಲ. ಗಟ್ಟಿ ಅನ್ನಿಸಿದರೆ ಬಿಸಿ ನೀರು ಬೆರೆಸಿ.

ಜೊತೆಗೆ ಜೋಳದ ರೊಟ್ಟಿ ಮುರಿದು ಅದ್ದಿಕೊಂಡರೆ ಅದೇ ರಾತ್ರಿ ಊಟ. ಬೇಳೆಯಲ್ಲಿ ಪ್ರೋಟೀನ್ ಚೆನ್ನಾಗಿದೆ, 100 ಗ್ರಾಂ ಒಣ ಬೇಳೆಗೆ ಸುಮಾರು 24 ಗ್ರಾಂ. ಮಕ್ಕಳ ಬಟ್ಟಲಿಗೆ ನಾನು ಮೇಲೆ ಒಂದು ಹಿಡಿ ಖಾರ ಮಂಡಕ್ಕಿ ಉದುರಿಸಿ ಕೊಡುತ್ತೇನೆ. ಹೋಟೆಲಿನ ಹುರಿದ ಬ್ರೆಡ್ ತುಂಡಿಗಿಂತ ಇದೇ ಅವರಿಗೆ ಇಷ್ಟ. ತಿನ್ನುವ ಹೊತ್ತಿಗೇ ಹಾಕಿ, ಎರಡು ನಿಮಿಷ ಬಿಟ್ಟರೆ ಮಂಡಕ್ಕಿ ಮೆತ್ತಗಾಗುತ್ತೆ.

ಉಳಿದಿದ್ದು ಫ್ರಿಜ್‌ನಲ್ಲಿ ಬೆಳಗಾಗುವಷ್ಟರಲ್ಲಿ ಹಲ್ವದಂತೆ ಗಟ್ಟಿಯಾಗಿರುತ್ತೆ. ಗಾಬರಿ ಬೇಡ. ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ, ಮತ್ತೆ ಸೂಪಾಗುತ್ತೆ. ನಮ್ಮ ಮನೆಯಲ್ಲಿ ಅದನ್ನು ನೀರು ಹಾಕದೆ ಹಾಗೇ ಬಿಸಿ ಮಾಡಿ, ಮೇಲೆ ಹಸಿ ಈರುಳ್ಳಿ ಉದುರಿಸಿ ಬೆಳಗಿನ ರೊಟ್ಟಿಗೆ ಪಲ್ಯದಂತೆ ಹಚ್ಚಿಕೊಳ್ಳುತ್ತೇವೆ.